ಹೆಬ್ಬಾತು ಇಳಿಯುವ ದಡ: ಮಾಗಡಿ ಕೆರೆಯ ಒಂದು ಪ್ರಕರಣ

ಜನವರಿ ತಿಂಗಳು, ಬೆಳಿಗ್ಗೆ ಎಂಟೂವರೆ. ಮಾಗಡಿ ಕೆರೆಯ ಏರಿಯ ಮೇಲೆ ಹವ್ಯಾಸಿ ಛಾಯಾಗ್ರಾಹಕರೊಬ್ಬರು ನಿಂತಿದ್ದಾರೆ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನಿಂದ ಗದಗಕ್ಕೆ ಬಂದು, ತಿಂಡಿ ಮುಗಿಸಿ, ಬಾಡಿಗೆ ಕಾರು ಹಿಡಿದು ಬಂದವರು. 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಪೂರ್ಣ ಅಳತೆಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ, 150–600 ಮಿ.ಮೀ. ಜೂಮ್, ಟ್ರೈಪಾಡ್ ಎಲ್ಲ ಇವೆ. ಕೆರೆಯ ನಡುವೆ ನೂರಾರು ಪಟ್ಟೆತಲೆ ಹೆಬ್ಬಾತುಗಳು ಕತ್ತು ಹಿಂದಕ್ಕೆ ಮಡಚಿ ವಿಶ್ರಮಿಸುತ್ತಿವೆ. ಹತ್ತಿರ ಹೋಗೋಣವೆಂದು ಏರಿ ಇಳಿದು ನೀರಿನಂಚಿನಲ್ಲಿ ನಡೆದರೆ, ಇವರು ಹತ್ತು ಹೆಜ್ಜೆ ಮುಂದಿಟ್ಟಂತೆಲ್ಲ ಅವು ಹತ್ತು ಮಾರು ಆಚೆ ಸರಿಯುತ್ತವೆ. ಹನ್ನೊಂದರ ಹೊತ್ತಿಗೆ ಕಾರ್ಡಿನಲ್ಲಿ ಆರುನೂರು ಫೋಟೊ. ಮನೆಗೆ ಹೋಗಿ ದೊಡ್ಡ ತೆರೆಯಲ್ಲಿ ನೋಡಿದರೆ ಒಂದರಲ್ಲೂ ಹಕ್ಕಿಯ ಕಣ್ಣು ಚೊಕ್ಕವಾಗಿಲ್ಲ. "ಲೆನ್ಸ್ ಸಾಲದು, 800 ಬೇಕು" ಎಂಬ ತೀರ್ಮಾನಕ್ಕೆ ಬರುತ್ತಾರೆ.

ಪ್ರತಿ ಚಳಿಗಾಲವೂ ಈ ಕೆರೆಯಲ್ಲಿ ಇದೇ ಪ್ರಕರಣ, ಮುಖ ಮಾತ್ರ ಬೇರೆ. ಇಲ್ಲಿ ತಪ್ಪು ಲೆನ್ಸಿನದ್ದಲ್ಲ. ಹವ್ಯಾಸಿ ಬಂದ ಹೊತ್ತು, ನಿಂತ ದಡ ಮತ್ತು ಹತ್ತಿರವಾಗಲು ಹಿಡಿದ ದಾರಿ ಮೂರೂ ತಪ್ಪಿವೆ. ಅದೇ ಕ್ಯಾಮೆರಾ, ಅದೇ ಲೆನ್ಸ್ ಇಟ್ಟುಕೊಂಡು ಒಂದು ಸಂಜೆ ಮತ್ತು ಮರುದಿನದ ಒಂದು ಬೆಳಗಿನಲ್ಲಿ ಇದನ್ನು ಸರಿಪಡಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲಿಗೆ ಊರಿನ ಗೊಂದಲ ಬಿಡಿಸಿಬಿಡೋಣ. ಇದು ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಮಾಗಡಿ. ಮೊಬೈಲಿನ ನಕ್ಷೆಯಲ್ಲಿ ಬರೀ ‘ಮಾಗಡಿ’ ಎಂದು ಹುಡುಕಿದವರು ಬೆಂಗಳೂರಿನ ಪಕ್ಕಕ್ಕೇ ಹೋಗಿ ನಿಲ್ಲಬಹುದು. ಮಳೆನೀರು ಹಿಡಿದು ಹೊಲಗಳಿಗೆ ಬಿಡಲೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ ಇದು. ಸಂರಕ್ಷಣಾ ಮೀಸಲು ಪ್ರದೇಶವಾಗಿದ್ದು, 2024ರಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿದ ಹಕ್ಕಿಗಳು ಹಿಮಾಲಯ ದಾಟಿ ಬಂದು ಇಲ್ಲಿನ ಎರೆಹೊಲಗಳ ನಡುವೆ ಇಳಿಯುತ್ತವೆ. ನವೆಂಬರ್‌ನಲ್ಲಿ ಬರತೊಡಗಿ ಮಾರ್ಚ್ ಹೊತ್ತಿಗೆ ಮರಳುತ್ತವೆ. ಫೋಟೊಕ್ಕೆ ಡಿಸೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗಿನ ಎರಡು ತಿಂಗಳು ಹದ.

ಲೆನ್ಸಿನ ಲೆಕ್ಕ

ಐವತ್ತು ಹೆಕ್ಟೇರನ್ನು ಒಂದು ವೃತ್ತವೆಂದುಕೊಂಡರೆ ಅದರ ಅಡ್ಡಳತೆ ಸುಮಾರು 800 ಮೀಟರ್. ಅಂದರೆ ನಟ್ಟನಡುವೆ ಕೂತ ಹಕ್ಕಿ ಯಾವ ದಡದಿಂದ ನೋಡಿದರೂ 400 ಮೀಟರ್ ದೂರ. ನಿಜವಾದ ಕೆರೆ ವೃತ್ತವಲ್ಲ, ಆದರೂ ಅಂದಾಜಿಗೆ ಇಷ್ಟು ಸಾಕು.

23.5 ಮಿ.ಮೀ. ಅಗಲದ ಕ್ರಾಪ್ ಸೆನ್ಸರಿಗೆ 600 ಮಿ.ಮೀ. ಲೆನ್ಸ್ ಹಾಕಿದಾಗ, ಚೌಕಟ್ಟಿನೊಳಗೆ ಬರುವ ದೃಶ್ಯದ ಅಗಲ ತಿಳಿಯಲು ದೂರವನ್ನು 25ರಿಂದ ಭಾಗಿಸಿದರೆ ಆಯಿತು. ಇನ್ನೂರೈವತ್ತು ಮೀಟರ್ ದೂರದಲ್ಲಿ ಹತ್ತು ಮೀಟರ್ ಅಗಲದ ದೃಶ್ಯ ಬರುತ್ತದೆ. ಹೆಬ್ಬಾತಿನ ಉದ್ದ ಕೊಕ್ಕಿನಿಂದ ಬಾಲದವರೆಗೆ 75 ಸೆಂ.ಮೀ. ಆಸುಪಾಸು. ಆರು ಸಾವಿರ ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದಕ್ಕೆ ಸಿಗುವುದು 450 ಪಿಕ್ಸೆಲ್. ಅಲ್ಲಿ 800 ಮಿ.ಮೀ. ಲೆನ್ಸ್ ಹಾಕಿದರೂ ಅದು 600 ಪಿಕ್ಸೆಲ್ ಆಗಬಹುದು, ಅಷ್ಟೆ. ಅದೇ ಹಕ್ಕಿ 60 ಮೀಟರಿಗೆ ಬಂದರೆ ದೃಶ್ಯದ ಅಗಲ 2.4 ಮೀಟರಿಗೆ ಇಳಿದು, ಹಕ್ಕಿ ಚೌಕಟ್ಟಿನ ಮೂರನೇ ಒಂದು ಭಾಗ ತುಂಬುತ್ತದೆ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ಅಗಲವಾಗುವ ಹಕ್ಕಿಯಾದ್ದರಿಂದ ಹಾರಾಟದ ಚಿತ್ರಕ್ಕೆ 60ರಿಂದ 80 ಮೀಟರೇ ಸರಿಯಾದ ದೂರ. ನಲವತ್ತು ಮೀಟರಿಗೆ ಬಂದುಬಿಟ್ಟರೆ ರೆಕ್ಕೆಯ ತುದಿ ಕತ್ತರಿಸುತ್ತದೆ, ಆಗ ಜೂಮನ್ನು 400ಕ್ಕೆ ಇಳಿಸಬೇಕು.

ಹಾಗಾಗಿ ಗುರಿ 60 ಮೀಟರ್. ಇದಕ್ಕಿಂತ ಹತ್ತಿರದ ಆಸೆ ಈ ಹಕ್ಕಿಯ ವಿಷಯದಲ್ಲಿ ಅನವಶ್ಯಕ.

ದೂರದ ಜೊತೆಗೆ ಬಿಸಿಗಾಳಿಯ ಕಾಟವೂ ಇದೆ. ಎರೆಮಣ್ಣಿನ ದಡ ಬಿಸಿಲಿಗೆ ಬೇಗ ಕಾಯುತ್ತದೆ. ಒಂಬತ್ತೂವರೆ ದಾಟಿತೆಂದರೆ ನೆಲದ ಮೇಲಿನ ಗಾಳಿ ಕುಣಿಯತೊಡಗುತ್ತದೆ. ಬಿಸಿಲುಗುದುರೆ ಏಳುವುದು ಇದರಿಂದಲೇ. ಆ ಗಾಳಿಯ ಮೂಲಕ 200 ಮೀಟರ್ ಆಚೆ ಫೋಕಸ್ ಮಾಡಿದರೆ ಎಷ್ಟು ದುಬಾರಿ ಲೆನ್ಸಾದರೂ ಗರಿಯ ಗೆರೆ ಕೂಡಿಕೊಳ್ಳುವುದಿಲ್ಲ. ಹವ್ಯಾಸಿಯ ಆರುನೂರರಲ್ಲಿ ಬಹುಪಾಲು ಹಾಳಾದದ್ದು ಹೀಗೆಯೇ, ಕೈ ನಡುಗಿ ಅಲ್ಲ. ಲೆನ್ಸಿನಲ್ಲಿ ದೋಷವಿದೆಯೇ, ಗಾಳಿಯಲ್ಲಿದೆಯೇ ಎಂದು ತಿಳಿಯಲು ಒಂದೇ ಹಕ್ಕಿಯನ್ನು ಸಾಲಾಗಿ ಹತ್ತು ಸಲ ಕ್ಲಿಕ್ಕಿಸಿ ನೋಡಿ. ಹತ್ತರಲ್ಲೂ ಹಕ್ಕಿಯ ಅಂಚು ಬೇರೆ ಬೇರೆ ರೀತಿ ವಕ್ರವಾಗಿದ್ದರೆ ಅದು ಗಾಳಿ. ಹತ್ತೂ ಒಂದೇ ರೀತಿ ಮಸುಕಾಗಿದ್ದರೆ ಫೋಕಸ್ ನೋಡಿಕೊಳ್ಳಬೇಕು.

ಹಕ್ಕಿಯ ದಿನಚರಿ

ಹೆಬ್ಬಾತು ಹಗಲೆಲ್ಲ ನೀರಿನಲ್ಲಿ ಕಾಣುವುದರಿಂದ ಕೆರೆಯೇ ಅದರ ಊಟದ ಮನೆ ಎಂದು ಹೊಸಬರು ತಿಳಿಯುತ್ತಾರೆ. ಕೆರೆ ಅದರ ಮಲಗುವ ಮನೆ. ಊಟ ಸುತ್ತಲಿನ ಹೊಲಗಳಲ್ಲಿ: ಕಡಲೆಯ ಎಳೆಚಿಗುರು, ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ, ಕಾಳು, ಹುಲ್ಲು. ಕತ್ತಲಾಗುವ ಹೊತ್ತಿಗೆ ಗುಂಪು ಗುಂಪಾಗಿ ಎದ್ದು ಹೊಲಕ್ಕೆ ಹೋಗಿ, ರಾತ್ರಿ ಮತ್ತು ನಸುಕಿನಲ್ಲಿ ಮೇಯ್ದು, ಬೆಳಕು ಹರಿದ ಮೇಲೆ ಕೆರೆಗೆ ಮರಳುವುದು ಇವುಗಳ ಸಾಮಾನ್ಯ ಕ್ರಮ. ಬೆಳದಿಂಗಳ ದಿನಗಳಲ್ಲಿ ಈ ವೇಳಾಪಟ್ಟಿ ಸಡಿಲವಾಗುತ್ತದೆ, ಹೊಲದಲ್ಲಿ ಯಾರಾದರೂ ಅಟ್ಟಿದರೆ ಗುಂಪು ಬೇಗ ವಾಪಸಾಗುತ್ತದೆ.

ಇದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಸುಕಿನಲ್ಲಿ ದಡ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಆಗಲೇ ಹೋಗಿ ಅಡಗಿ ಕೂತರೆ ಯಾವ ಹಕ್ಕಿಯನ್ನೂ ಎಬ್ಬಿಸಬೇಕಿಲ್ಲ, ಬೆಳಕಿನ ಜೊತೆಗೆ ಅವೇ ಬಂದು ಇಳಿಯುತ್ತವೆ. ಎಂಟೂವರೆಗೆ ಬಂದ ಹವ್ಯಾಸಿ ಈ ಬಾಗಿಲನ್ನು ತಪ್ಪಿಸಿಕೊಂಡಿದ್ದರು. ಬಯಲಿನಲ್ಲಿ ನಡೆದು ಬರುವ ಮನುಷ್ಯನನ್ನು ಕಂಡರೆ ನೂರು ಮೀಟರಿನ ಆಸುಪಾಸಿನಲ್ಲೇ ಗುಂಪಿನ ಕತ್ತುಗಳು ನೆಟ್ಟಗಾಗುತ್ತವೆ. ಅಲ್ಲಿಂದ ಮುಂದೆ ಎಷ್ಟೇ ಬಗ್ಗಿ, ತೆವಳಿ ಹೋದರೂ ಪ್ರಯೋಜನವಿಲ್ಲ. ಒಮ್ಮೆ ಗುರುತಿಸಿದ ಮನುಷ್ಯ ನೆಲಕ್ಕೆ ಬಿದ್ದು ತೆವಳಿದರೆ ಹಕ್ಕಿಗೆ ಅನುಮಾನ ಇನ್ನೂ ಹೆಚ್ಚು.

ಮನೆಯಲ್ಲೇ ಮಾಡುವ ಕೆಲಸ

ಹೊರಡುವ ವಾರದಲ್ಲಿ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಕೊಪರ್ನಿಕಸ್ ಬ್ರೌಸರ್‌ನಲ್ಲಿ ನೋಡಬೇಕು. ಖರ್ಚಿಲ್ಲ, ಸುಮಾರು ಐದು ದಿನಕ್ಕೊಮ್ಮೆ ಹೊಸ ಚಿತ್ರ, ಒಂದು ಚುಕ್ಕೆಗೆ ಹತ್ತು ಮೀಟರ್. ಹಕ್ಕಿ ಕಾಣದು, ಆದರೆ ನೀರಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಗೂಗಲ್ ನಕ್ಷೆಯ ಚಿತ್ರ ಯಾವ ವರ್ಷದ್ದೋ, ಯಾವ ತಿಂಗಳದ್ದೋ, ಅದನ್ನು ನಂಬಿ ಜಾಗ ಗುರುತಿಸಿದರೆ ಅಲ್ಲಿ ಮೊಣಕಾಲುದ್ದ ನೀರಿರಬಹುದು, ಇಲ್ಲವೇ ನೀರು ಐವತ್ತು ಮೀಟರ್ ಆಚೆ ಸರಿದಿರಬಹುದು. ಎರಡು ಮೂರು ವಾರಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ನೀರು ಬೇಗ ಹಿಂದೆ ಸರಿಯುತ್ತಿದೆ ನೋಡಿ. ಅಲ್ಲಿ ದಡ ತಟ್ಟೆಯಂತೆ ಸಮತಟ್ಟಾಗಿದೆ ಎಂದರ್ಥ. ಹೆಬ್ಬಾತು ನಿಲ್ಲಲು ಬಯಸುವುದು ಇಂಥ ಜಾಗವನ್ನೇ: ಪಾದ ಮುಳುಗುವಷ್ಟು ನೀರು, ಸುತ್ತ ಗಿಡಗಂಟಿ ಇಲ್ಲದ ಬಯಲು, ನಾಯಿ ಬಂದರೆ ದೂರದಿಂದಲೇ ಕಾಣಬೇಕು. ಏರಿಯ ಪಕ್ಕದಲ್ಲಿ ನೀರು ಆಳ, ಅಲ್ಲಿ ಅವು ತೇಲಿಯಾವು, ನಿಲ್ಲಲಾರವು.

ಇದರ ಜೊತೆಗೆ, ಹಕ್ಕಿ ನೋಡುವವರು ಕಂಡ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣ ಇ-ಬರ್ಡ್‌ನಲ್ಲಿ ಆ ಕೆರೆಯ ಇತ್ತೀಚಿನ ಪಟ್ಟಿಗಳನ್ನು ನೋಡಿಕೊಂಡರೆ ಹಕ್ಕಿ ಬಂದಿದೆಯೇ ಇಲ್ಲವೇ ಎಂಬುದಾದರೂ ಖಚಿತವಾಗುತ್ತದೆ.

ಮೊದಲ ಸಂಜೆ: ಕ್ಯಾಮೆರಾ ಚೀಲದಲ್ಲೇ ಇರಲಿ

ನಾಲ್ಕು ಗಂಟೆಗೆ ಕೆರೆ ತಲುಪಿ. ಅರಣ್ಯ ಇಲಾಖೆಯ ಸಿಬ್ಬಂದಿ ಇದ್ದರೆ ಅವರನ್ನು ಮೊದಲು ಮಾತಾಡಿಸಬೇಕು. ಮೀಸಲು ಪ್ರದೇಶದೊಳಗೆ ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು ಎಂಬುದು ಅವರ ಮಾತು. ಅನುಮತಿಯಿಲ್ಲದೆ ಒಳಗೆ ಅಡಗಿ ಕೂರುವ ಮರೆ ಕಟ್ಟುವಂತಿಲ್ಲ. ಡ್ರೋನ್ ಮಾತೇ ಬೇಡ: ಹೆಬ್ಬಾತಿನ ಕಣ್ಣಿಗೆ ಅದು ಹದ್ದು, ಇಡೀ ಕೆರೆ ಒಮ್ಮೆಗೇ ಎದ್ದುಬಿಡುತ್ತದೆ. ಕೆರೆಯಂಚಿನ ಖಾಸಗಿ ಹೊಲದ ಬದುವಿನಲ್ಲಿ ಕೂರುವುದಾದರೆ ಹೊಲದವರ ಒಪ್ಪಿಗೆ ಬೇಕು. ಮಾತು ಹಾಗೇ ಮುಂದುವರಿದರೆ ಒಂದು ಪ್ರಶ್ನೆ ಮರೆಯದೆ ಕೇಳಿ: "ನಿನ್ನಿ ರಾತ್ರಿ ಹಕ್ಕಿ ಯಾರ ಹೊಲದಾಗ ಇಳಿದಿದ್ವುರೀ, ಯಜಮಾನ್ರ?" ಇದಕ್ಕೆ ಸಿಗುವ ಉತ್ತರದ ಮುಂದೆ ಯಾವ ಆ್ಯಪ್ ಕೂಡ ನಿಲ್ಲದು. ಕಡಲೆ ಬಿತ್ತಿದವರು ಹಕ್ಕಿಯ ಲೆಕ್ಕ ಇಟ್ಟೇ ಇರುತ್ತಾರೆ.

ಆಮೇಲೆ 8×42 ಬೈನಾಕ್ಯುಲರ್ ಮತ್ತು ಒಂದು ಪುಸ್ತಕ ಹಿಡಿದು, ಹಕ್ಕಿಗಳಿಂದ ಇನ್ನೂರು ಮೀಟರಿಗೂ ಹೆಚ್ಚು ದೂರ ಉಳಿದು ದಡ ಸುತ್ತುವುದು. ಹುಡುಕಬೇಕಾದ್ದು ಹಕ್ಕಿಯನ್ನಲ್ಲ, ಹಿಕ್ಕೆಯನ್ನು. ಹೆಬ್ಬಾತಿನ ಹಿಕ್ಕೆ ಸಣ್ಣ ಬೆರಳಿನಂತೆ ಉದ್ದಕ್ಕೆ, ಹಸಿರು ಮಿಶ್ರಿತವಾಗಿ, ಹುಲ್ಲಿನ ನಾರಿನಿಂದ ತುಂಬಿರುತ್ತದೆ. ಒದ್ದೆಯಾಗಿ ಹಸಿರಾಗಿದ್ದರೆ ಇವತ್ತಿನದು, ಒಣಗಿ ಬಿಳಿಚಿದ್ದರೆ ಹಳೆಯದು. ಒಂದು ಚಾಪೆಯಷ್ಟು ಜಾಗದಲ್ಲಿ ಹತ್ತಿಪ್ಪತ್ತು ಹಸಿ ಹಿಕ್ಕೆ, ಉದುರಿದ ಬೂದು ಗರಿ, ಕೆಸರಿನಲ್ಲಿ ಜಾಲಪಾದದ ಗುರುತು ಮೂರೂ ಸೇರಿದ್ದರೆ ಅದು ಅವು ದಿನವೂ ಹತ್ತಿ ನಿಲ್ಲುವ ದಡ. ಇಂಥವು ಎರಡು ಮೂರು ಸಿಗುತ್ತವೆ. ಎಲ್ಲಕ್ಕೂ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.

ಸೂರ್ಯ ಮುಳುಗುವ ಹೊತ್ತಿಗೆ, ಜನವರಿಯಲ್ಲಾದರೆ ಸುಮಾರು 6.15ರ ನಂತರ, ಗುಂಪುಗಳು ಏಳತೊಡಗುತ್ತವೆ. ಏಳುವ ಮುನ್ನ ಕೂಗು ಜೋರಾಗುತ್ತದೆ, ತಲೆ ಕೊಡವುವುದು ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಪ್ರತಿ ಗುಂಪು ಎದ್ದ ಹೊತ್ತು, ಅಂದಾಜು ಸಂಖ್ಯೆ, ಹೋದ ದಿಕ್ಕು ಬರೆದುಕೊಳ್ಳಬೇಕು. ಬೆಳಿಗ್ಗೆ ವಾಪಸು ಬರುವುದು ಹೆಚ್ಚುಕಡಿಮೆ ಅದೇ ದಿಕ್ಕಿನಿಂದ.

ಸೂರ್ಯ ಮತ್ತು ಗಾಳಿ ಒಂದಾಗುವ ದಡ

ಗುರುತು ಹಾಕಿದ ಎರಡು ಮೂರು ದಡಗಳಲ್ಲಿ ಯಾವುದು? ಬಹಳ ಜನ ಬೆಳಕನ್ನಷ್ಟೇ ನೋಡಿ ಆರಿಸುತ್ತಾರೆ. ಗಾಳಿಯನ್ನು ನೋಡದೆ ಆರಿಸಿದ ಜಾಗ ಅರ್ಧ ಆರಿಸಿದಂತೆ.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.55ಕ್ಕೆ, ನೇರ ಪೂರ್ವದಲ್ಲಲ್ಲ, ಇಪ್ಪತ್ತು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ವಾಲಿ. ಆದ್ದರಿಂದ ಬೆಳಗಿನ ಬೆಳಕು ಬೆನ್ನ ಹಿಂದಿರಬೇಕೆಂದರೆ ಕೆರೆಯ ಪೂರ್ವ ಅಥವಾ ಆಗ್ನೇಯ ದಡದಲ್ಲಿ ವಾಯವ್ಯಕ್ಕೆ ಮುಖ ಮಾಡಿ ಕೂರಬೇಕು. ಇನ್ನು ಗಾಳಿ. ಚಳಿಗಾಲದಲ್ಲಿ ಈ ಬಯಲುಸೀಮೆಯಲ್ಲಿ ಹೆಚ್ಚಾಗಿ ಬೀಸುವುದು ಮೂಡಣ ಗಾಳಿ, ಒಮ್ಮೊಮ್ಮೆ ಈಶಾನ್ಯದಿಂದ. ದೊಡ್ಡ ನೀರುಹಕ್ಕಿಗಳೆಲ್ಲ ಇಳಿಯುವುದೂ ಏಳುವುದೂ ಗಾಳಿಗೆ ಎದುರಾಗಿ. ಎರಡು ಮೂರು ಕಿಲೊ ತೂಗುವ ಹೆಬ್ಬಾತಿಗೆ ವೇಗ ತಗ್ಗಿಸಲು ಎದುರುಗಾಳಿ ಬೇಕೇ ಬೇಕು. ಅದು ಯಾವ ಹೊಲದಿಂದ ಬಂದರೂ ಕೆರೆಯ ಮೇಲೆ ಒಂದು ಸುತ್ತು ಹಾಕಿ, ಪಶ್ಚಿಮದ ಕಡೆಯಿಂದ ಪೂರ್ವಕ್ಕೆ ಮುಖ ಮಾಡಿ ಇಳಿಯುತ್ತದೆ.

ಎರಡನ್ನೂ ಕೂಡಿಸಿ ನೋಡಿ. ಪೂರ್ವ ದಡದಲ್ಲಿ ಕೂತವರಿಗೆ ಬೆಳಕು ಬೆನ್ನ ಹಿಂದೆ, ಇಳಿಯುವ ಹಕ್ಕಿ ಕಣ್ಣ ಮುಂದೆ, ರೆಕ್ಕೆ ಅಗಲಿಸಿ, ಕಿತ್ತಳೆ ಬಣ್ಣದ ಕಾಲು ಮುಂದೆ ಚಾಚಿ ನೇರ ಲೆನ್ಸಿನತ್ತ ಬರುತ್ತದೆ. ಪಶ್ಚಿಮ ದಡದವರಿಗೆ ಸಿಗುವುದು ಬೆಳಕಿಗೆ ಎದುರಾದ ಬಾಲ. ಚಳಿಗಾಲದ ಬೆಳಗಿನಲ್ಲಿ ಸೂರ್ಯ ಮತ್ತು ಗಾಳಿ ಹೀಗೆ ಒಂದೇ ದಡಕ್ಕೆ ಒಲಿಯುವುದು ಈ ಸೀಮೆಯ ಕೆರೆಗಳ ದೊಡ್ಡ ಅನುಕೂಲ. ಸಂಜೆ ಇದು ಮುರಿದುಬೀಳುತ್ತದೆ. ಸೂರ್ಯ ಪಶ್ಚಿಮದಲ್ಲಿ, ಗಾಳಿ ಇನ್ನೂ ಪೂರ್ವದಿಂದ. ಬೆಳಕು ಚೆನ್ನಾಗಿದೆಯೆಂದು ಪಶ್ಚಿಮ ದಡಕ್ಕೆ ಹೋದರೆ ಎದ್ದ ಹಕ್ಕಿಗಳೆಲ್ಲ ಬೆನ್ನು ತೋರಿಸಿ ಹಾರುತ್ತವೆ. ಸಂಜೆಗೂ ಪೂರ್ವ ದಡದಲ್ಲೇ ಉಳಿದು, ಕೆಂಪು ಬಾನಿನ ಮುಂದೆ ತಲೆಯ ಮೇಲೇ ಬರುವ ಸಾಲುಗಳ ಕಪ್ಪು ಆಕೃತಿ ಹಿಡಿಯುವುದು ಜಾಣತನ. ಬಣ್ಣದ ವಿವರ ಬೇಕೆಂಬ ಹಟ ಆ ಹೊತ್ತಿಗೆ ಬಿಡಬೇಕು.

ಗಾಳಿಯ ದಿಕ್ಕು ತಿಳಿಯಲು ಆ್ಯಪ್ ಸಾಕು, ಆದರೆ ನೀರಿನ ಮೇಲಿನ ಗಾಳಿ ಬೇರೆಯಿರಬಹುದು. ವಿಶ್ರಮಿಸುತ್ತಿರುವ ಬಾತುಗಳ ಗುಂಪೇ ಒಳ್ಳೆಯ ಗಾಳಿಸೂಚಕ: ಗಾಳಿ ಜೋರಿದ್ದಾಗ ಎಲ್ಲವೂ ಅದಕ್ಕೇ ಮುಖ ಕೊಟ್ಟು ಕೂರುತ್ತವೆ. ಇಲ್ಲಿ ವಾಸನೆಯ ಚಿಂತೆ ಬೇಡ. ತುಂಗಭದ್ರೆಯ ನೀರುನಾಯಿಗೋ ಬಯಲಿನ ಕೃಷ್ಣಮೃಗಕ್ಕೋ ಕಾದು ಕೂತಾಗ ಗಾಳಿ ನಮ್ಮಿಂದ ಪ್ರಾಣಿಯ ಕಡೆಗೆ ಬೀಸಿದರೆ ಕೆಲಸ ಕೆಟ್ಟಿತು. ಹೆಬ್ಬಾತಿನ ವಿಷಯದಲ್ಲಿ ಗಾಳಿ ನಮ್ಮ ಬೆನ್ನಿಂದ ಬೀಸಬೇಕು, ನಿಯಮ ತಿರುಗುಮುರುಗು.

ಉಳಿದದ್ದು ಹಿನ್ನೆಲೆ. ಐದು ಮೀಟರ್ ಎತ್ತರದ ಏರಿಯಿಂದ ಕೆಳಗಿನ ಹಕ್ಕಿಯನ್ನು ತೆಗೆದರೆ ಅದರ ಹಿಂದೆ ಕಾಣುವುದು ಎರಡು ಮೂರು ಮೀಟರ್ ಆಚೆಯ ನೀರಿನ ಸುಕ್ಕು, ಹಕ್ಕಿಯಷ್ಟೇ ಚೊಕ್ಕವಾಗಿ. ಲೆನ್ಸನ್ನು ನೀರಿನ ಮಟ್ಟದಿಂದ 30 ಸೆಂ.ಮೀ. ಎತ್ತರಕ್ಕಿಳಿಸಿದರೆ ಹಿನ್ನೆಲೆ ಆಚೆ ದಡಕ್ಕೆ ಹೋಗುತ್ತದೆ, ನಾಲ್ಕೈದು ನೂರು ಮೀಟರ್ ದೂರ. 60 ಮೀಟರಿನಲ್ಲಿ, 600 ಮಿ.ಮೀ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 6.3ರಲ್ಲಿದ್ದರೆ ಚೊಕ್ಕವಾಗಿ ಬರುವ ಆಳ ಸುಮಾರು ಎರಡೂವರೆ ಮೀಟರ್ ಮಾತ್ರ. ಆಚೆ ದಡದ ಜಾಲಿ, ಜೊಂಡು ಎಲ್ಲ ಕರಗಿ ಬಣ್ಣದ ಪಟ್ಟಿಯಾಗುತ್ತವೆ. ಇಷ್ಟು ತಗ್ಗಿನಿಂದ ತೆಗೆಯುವುದಾದರೆ ಟ್ರೈಪಾಡ್ ಊರಲ್ಲೇ ಬಿಟ್ಟು ಬರಬಹುದಿತ್ತು.

ಮರೆ ಕಟ್ಟುವುದು

ಅನುಮತಿ ಸಿಕ್ಕರೆ ಸಂಜೆ ಹಕ್ಕಿಗಳೆಲ್ಲ ಎದ್ದುಹೋದ ಮೇಲೆ, ಕತ್ತಲಲ್ಲಿ ಕಟ್ಟಬೇಕು. ಸಾಮಾನು ಇಷ್ಟು: ಒಂದು ಮೀಟರ್ ಉದ್ದದ ಆರು ಕೋಲು, ಬಿಚ್ಚಿದ ಐದಾರು ಗೋಣಿಚೀಲ, ಸುತಳಿ ಒಂದು ಉಂಡೆ, ಹೊಲದವರು ಕೊಟ್ಟರೆ ಒಂದು ಸಿವುಡು ಜೋಳದ ಕಣಕಿ. ಉದ್ದ ಎರಡು ಮೀಟರ್, ಅಗಲ ತೊಂಬತ್ತು ಸೆಂ.ಮೀ., ಎತ್ತರ ಎಪ್ಪತ್ತೈದು ಮೀರಬಾರದು. ಒಳಗೆ ಹೊಟ್ಟೆಯ ಮೇಲೆ ಮಲಗುವುದು, ಕೂರುವುದಲ್ಲ. ಅಂಗಡಿಯಲ್ಲಿ ಸಿಗುವ ಎಲೆಚಿತ್ತಾರದ ಹಸಿರು ಬಟ್ಟೆ ಮಲೆನಾಡಿಗೆ ಹೊಂದೀತು, ಎರೆನೆಲದ ದಡದಲ್ಲಿ ಅದೇ ಎದ್ದು ಕಾಣುತ್ತದೆ. ಕೆಸರು ಸವರಿದ ಗೋಣಿತಾಟಿಗೆ ಸಮನಾದದ್ದು ಇಲ್ಲ.

ಹೆಚ್ಚಿನವರು ಎಡವುವುದು ಹಿಂಬದಿಯಲ್ಲಿ. ಮುಂದೆ ಚೆನ್ನಾಗಿ ಮರೆಮಾಡಿ ಹಿಂದೆ ತೆರೆದುಬಿಟ್ಟರೆ, ಸೂರ್ಯ ಬೆನ್ನ ಹಿಂದಿರುವುದರಿಂದ ಒಳಗಿನ ಮನುಷ್ಯನ ನೆರಳು ಕಂಡಿಯಲ್ಲಿ ಅಲುಗಾಡುತ್ತದೆ, ತೊಗಲುಗೊಂಬೆಯಾಟದ ಪರದೆಯಂತೆ. ಹಿಂಬದಿಗೆ ಎರಡು ಪದರ ಗೋಣಿ ಹಾಕಿ ಮುಚ್ಚಲೇಬೇಕು. ಮುಂದಿನ ಕಂಡಿ ಅಡ್ಡಕ್ಕೆ 30, ಉದ್ದಕ್ಕೆ 20 ಸೆಂ.ಮೀ. ಸಾಕು. ಲೆನ್ಸಿನ ಮೂತಿ ಕಂಡಿಯಿಂದ ಹೊರಗೆ ಚಾಚಿರಬಾರದು, ಹಕ್ಕಿಗೆ ಮೊದಲು ಕಾಣುವುದು ಅದರ ಓಲಾಟ. ಸುತ್ತ ಹಳೆಯ ಸೊಳ್ಳೆಪರದೆಯ ತುಂಡು ಇಳಿಬಿಟ್ಟರೆ ಒಳಗಿನ ಕೈ ಆಟ ಮರೆಯಾಗುತ್ತದೆ. ಬಿಳಿ ಲೆನ್ಸಿಗೆ ಹಳೆಯ ಕಾಲುಚೀಲದ ಬಟ್ಟೆ ಸುತ್ತಿ.

ಲೆನ್ಸಿನ ಆಸರೆಗೆ ಬೀನ್‌ಬ್ಯಾಗ್, ಅಂದರೆ ಕಾಳು ತುಂಬುವ ಸಣ್ಣ ಚೀಲ. ಖಾಲಿ ತಂದು, ಇಲ್ಲೇ ಎರಡು ಕಿಲೊ ಜೋಳ ಕೊಂಡು ತುಂಬಿಸಿ. ಅದರಡಿ ಅಂಚಿರುವ ಅಗಲ ಸ್ಟೀಲ್ ತಾಟು ಇಟ್ಟರೆ ಕೆಸರಿನಲ್ಲಿ ಹುದುಗುವುದಿಲ್ಲ, ಎಡಬಲಕ್ಕೆ ಜಾರಿಸಲೂ ಬರುತ್ತದೆ. ಕೆಳಗೆ ಹಾಸಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿ. ಬರೀ ಪ್ಲಾಸ್ಟಿಕ್ ಆದರೆ ಹೊರಳಿದಾಗಲೆಲ್ಲ ಸದ್ದು.

ಮರೆಯ ಸ್ಥಾನ: ಹಿಕ್ಕೆ ದಟ್ಟವಾಗಿರುವ ಜಾಗದಿಂದ 50–60 ಮೀಟರ್ ಹಿಂದೆ, ನೀರಿನಂಚಿಗೇ ಅಲ್ಲ. ಹತ್ತಿರ ಬೇಕೆಂದು ಹಿಕ್ಕೆಯ ನಡುವೆಯೇ ಕಟ್ಟಿದರೆ ಗುಂಪು ಇಳಿಯುವ ಜಾಗವನ್ನೇ ಬದಲಿಸುತ್ತದೆ. ಅನುಮತಿ ಸಿಗದಿದ್ದರೆ ಬದುವಿನ ಮೇಲಿನ ಗಿಡಗಂಟಿಯ ಬುಡದಲ್ಲಿ ಗೋಣಿ ಹೊದ್ದು ಮಲಗುವುದೇ ದಾರಿ. ಅಷ್ಟಕ್ಕೇ ಎಷ್ಟೋ ಸಲ ಕೆಲಸ ಆಗುತ್ತದೆ.

ಮರುದಿನ ಬೆಳಿಗ್ಗೆ

5.30ಕ್ಕೆ ಮರೆಯೊಳಗೆ ಇರಬೇಕು. ಕೆಂಪು ಬೆಳಕಿನ ಟಾರ್ಚು, ಗಟ್ಟಿ ಬೂಟು. ಗೋಣಿ ಎತ್ತುವ ಮುಂಚೆ ಕೋಲಿನಿಂದ ತಟ್ಟಿ ನೋಡಿ, ಬದುವಿನಂಚು ಕೊಳಕುಮಂಡಲದ ಜಾಗವೂ ಹೌದು. ಕ್ಯಾಮೆರಾವನ್ನು ಬೆಚ್ಚಗಿನ ಚೀಲದಿಂದ ಅರ್ಧ ಗಂಟೆ ಮೊದಲೇ ತೆಗೆದು ಹೊರಗಿಟ್ಟರೆ ಲೆನ್ಸ್ ಚಳಿಗೆ ಹೊಂದಿಕೊಳ್ಳುತ್ತದೆ, ಇಲ್ಲವಾದರೆ ಮೊದಲ ಬೆಳಕಿನ ಚಿತ್ರಗಳೆಲ್ಲ ಮಸುಕು. ಮೊಬೈಲಿನ ತೆರೆ ಆರಿಸಿ. ಹತ್ತು ಗಂಟೆಯವರೆಗೆ ಹೊರಬರುವಂತಿಲ್ಲ, ಮೂತ್ರಕ್ಕೆ ಬಾಟಲಿ ಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲ ಗುಂಪು ಇಳಿದಾಗ ಕ್ಲಿಕ್ಕಿಸಬೇಡಿ. ಇದು ಪಾಲಿಸಲು ಅತಿ ಕಷ್ಟದ ನಿಯಮ, ಪಾಲಿಸಿದರೆ ಅತಿ ಲಾಭದ್ದು. ಮೊದಲು ಇಳಿದವು ಕತ್ತೆತ್ತಿ ಸುತ್ತ ನೋಡಿ, ನಿರಾಳವಾಗಿ, ಗರಿ ತಿದ್ದಿಕೊಳ್ಳಲು ಶುರುಮಾಡಿದರೆ ಮೇಲೆ ಸುತ್ತುತ್ತಿರುವ ಗುಂಪುಗಳಿಗೆ ಅದೇ ಕರೆ. ಮೊದಲ ಗುಂಪು ಬೆದರಿ ಎದ್ದರೆ ಆ ಬೆಳಿಗ್ಗೆ ಆ ದಡಕ್ಕೆ ಇನ್ನೊಂದು ಗುಂಪು ಬರುವುದು ಅನುಮಾನ.

ಆಮೇಲೆ ಕೆಲಸ. ಹಾರಾಟಕ್ಕೆ ಶಟರ್ 1/2000 ಸೆಕೆಂಡ್, ಬೆಳಕು ಸಾಲದ ಮೊದಲ ಇಪ್ಪತ್ತು ನಿಮಿಷ 1/1000ಕ್ಕೂ ಒಪ್ಪಿಕೊಳ್ಳಬೇಕು. ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊದಲ್ಲಿಟ್ಟು ಮೇಲ್ಮಿತಿ 6400. ಹಕ್ಕಿಯ ತಲೆ ಬಿಳಿ, ನೀರು ಕಪ್ಪು, ಕ್ಯಾಮೆರಾ ನೀರನ್ನು ನೋಡಿ ಮೋಸಹೋಗಿ ತಲೆಯನ್ನು ಸುಣ್ಣವಾಗಿಸುತ್ತದೆ. ನೀರಿನ ಹಿನ್ನೆಲೆಗೆ ಎಕ್ಸ್‌ಪೋಶರನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಇಲ್ಲವೇ ಎರಡರಷ್ಟಾಗುವುದು). ಅದೇ ಹಕ್ಕಿ ಬೆಳ್ಳನೆಯ ಬಾನಿಗೆ ಏರಿದ ಕ್ಷಣ ಒಂದು ಸ್ಟಾಪ್ ಏರಿಸಬೇಕು. ಎರಡರ ನಡುವೆ ಡಯಲ್ ತಿರುಗಿಸುವ ಹೊತ್ತಿಗೆ ಹಕ್ಕಿ ಹೋಗಿರುತ್ತದೆ. ಬೆಳಕು ಸ್ಥಿರವಾಗಿದ್ದರೆ ಸೂರ್ಯ ಬಿದ್ದ ಹಕ್ಕಿಗೆ ತಕ್ಕಂತೆ ಎಲ್ಲವನ್ನೂ ಮ್ಯಾನುವಲ್‌ನಲ್ಲಿ ಕೂರಿಸಿ, ಹಿನ್ನೆಲೆಯನ್ನು ಮರೆತುಬಿಡುವುದೇ ಮೇಲು.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಂಥ ಕಡೆ ವರದಂತೆ ಕಾಣುತ್ತದೆ. ಆದರೆ ಸೆನ್ಸರ್ ನಿಧಾನವಾಗಿ ಓದುವ ಕ್ಯಾಮೆರಾಗಳಲ್ಲಿ ಬಡಿಯುವ ರೆಕ್ಕೆ ರಬ್ಬರಿನಂತೆ ಬಾಗಿ ಬರುತ್ತದೆ. ನಿಂತ ಹಕ್ಕಿಗೆ ಎಲೆಕ್ಟ್ರಾನಿಕ್, ಹಾರುವುದಕ್ಕೆ ಮೆಕ್ಯಾನಿಕಲ್. ಗುಂಪಿನ ಗದ್ದಲದಲ್ಲಿ 60 ಮೀಟರ್ ದೂರದ ಶಟರ್ ಸದ್ದು ಅಷ್ಟೇನೂ ಲೆಕ್ಕಕ್ಕಿಲ್ಲ. ಲೆನ್ಸ್ ಫೋಕಸ್ ಹುಡುಕುವ ದೂರವನ್ನು ಮಿತಿಗೊಳಿಸುವ ಫೋಕಸ್ ಲಿಮಿಟರನ್ನು ‘10 ಮೀಟರಿನಿಂದ ಆಚೆ’ ಎಂದು ಇಟ್ಟಿದ್ದರೆ, ಮರೆಯ ಮುಂದೆಯೇ ಬಂದು ಬಾಲ ಕುಣಿಸುವ ಸಿಪಿಲೆಯ ಮೇಲೆ ಫೋಕಸ್ ಕೂರದು. ಲೆನ್ಸ್ ಕೆಟ್ಟಿತೆಂದು ಗಾಬರಿಯಾಗುವುದು ಬೇಡ.

ಕತ್ತುಗಳ ಮೇಲೆ ಸದಾ ಒಂದು ಕಣ್ಣಿರಲಿ. ನಲವತ್ತರಲ್ಲಿ ಒಂದೆರಡು ಕತ್ತೆತ್ತಿ ನಿಂತಿದ್ದರೆ ಅವು ಕಾವಲಿನವು, ಸಹಜ. ಹತ್ತು ಹದಿನೈದು ಒಟ್ಟಿಗೆ ನೆಟ್ಟಗಾದರೆ ಏನೋ ಕಂಡಿದೆ: ಕೈ ಆಟ ನಿಲ್ಲಿಸಿ, ಅವು ತಗ್ಗುವವರೆಗೆ ಕಾಯಬೇಕು. ತಲೆ ಕೊಡವುವುದು ಶುರುವಾದರೆ ಏಳುವ ತಯಾರಿ. ಎಲ್ಲ ಎದ್ದಾಟವೂ ನಮ್ಮ ತಪ್ಪಲ್ಲ. ಜೌಗು ಸೆಳೆವ ಎಂಬ ಬೇಟೆ ಹಕ್ಕಿ ಒಂದು ಸುತ್ತು ಹಾಕಿದರೂ ಇಡೀ ಕೆರೆ ಎದ್ದೀತು. ಆಗ ಅವು ಬೇಗ ಅದೇ ಜಾಗಕ್ಕೆ ಮರಳುತ್ತವೆ. ಮನುಷ್ಯನಿಗೆ ಹೆದರಿ ಎದ್ದರೆ ಹಗಲಲ್ಲೇ ಹೊಲಕ್ಕೆ ಇಳಿಯುತ್ತವೆ, ಅದರ ಬೆಲೆ ತೆರುವವರು ಕಡಲೆ ಬೆಳೆದವರು. ಬರೀ ‘ಹಾರಾಟದ ಫೋಟೊ’ಕ್ಕೆಂದು ಕಲ್ಲೆಸೆದು ಎಬ್ಬಿಸುವವರನ್ನು ಊರಿನವರು ಬೈದು ಅಟ್ಟಿದರೆ ಅದರಲ್ಲಿ ಅನ್ಯಾಯವೇನಿಲ್ಲ.

ಗುಂಪಿನಲ್ಲಿ ಒಂದರ ಕೊರಳಲ್ಲಿ ಅಕ್ಷರ, ಅಂಕಿ ಬರೆದ ಹಸಿರು ಪಟ್ಟಿ ಕಂಡೀತು. ಮಂಗೋಲಿಯಾದಲ್ಲಿ ಹೀಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಆ ಹಕ್ಕಿಯ ಅಂದದ ಭಂಗಿಗೆ ಕಾಯದೆ, ಅಂಕಿ ಓದುವಂತೆ ನಾಲ್ಕಾರು ಚಿತ್ರ ತೆಗೆದು, ದಿನ, ಹೊತ್ತು, ಜಾಗದೊಂದಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಬೇಕು.

ಕೆಟ್ಟರೆ

ಗಾಳಿ ತಿರುಗುವುದು ಮೊದಲ ಸಾಧ್ಯತೆ. ಮೋಡದ ದಿನ ಪಡುವಣ ಗಾಳಿ ಬೀಸಿದರೆ ಹಕ್ಕಿಗಳು ನಮ್ಮ ತಲೆಯ ಮೇಲಿನಿಂದ ಬಂದು ಬಾಲ ತೋರಿಸಿ ಇಳಿಯುತ್ತವೆ. ಜಾಗ ಬದಲಿಸುವ ಆಸೆ ಹುಟ್ಟುತ್ತದೆ, ಬದಲಿಸಬಾರದು. ಎದ್ದು ನಡೆದರೆ ಆ ಬೆಳಿಗ್ಗೆ ಪೂರ್ತಿ ಹೋಯಿತು. ಅವು ನೂರೈವತ್ತು ಮೀಟರ್ ಆಚೆ ಇಳಿದವೆಂದರೂ ಕಾಯಬೇಕು. ವಿಶ್ರಾಂತಿ ಶುರುವಾದ ಮೇಲೆ ಗಾಳಿಗೆ ತೇಲುತ್ತಾ ದಡ ಸೇರುವುದುಂಟು.

ಕಾರನ್ನೇ ಮರೆಯಾಗಿಸುವುದು ಇನ್ನೊಂದು ಉಪಾಯ, ಹೊಲಗಳ ನಡುವಿನ ಬಂಡಿದಾರಿಯಲ್ಲಿ. ಟ್ರ್ಯಾಕ್ಟರು, ಬೈಕು ನಿತ್ಯ ಓಡಾಡುವ ದಾರಿಯಲ್ಲಿ ಹಕ್ಕಿಗೆ ವಾಹನದ ಭಯ ಕಡಿಮೆ, ಬಾಗಿಲು ತೆರೆದು ಮನುಷ್ಯನ ಆಕಾರ ಇಳಿದಾಗ ಅದು ಏಳುತ್ತದೆ. ದೂರದಲ್ಲೇ ವೇಗ ತಗ್ಗಿಸಿ, ಓರೆಯಾಗಿ ಹೋಗಿ, ಎಂಜಿನ್ ಆರಿಸಿ, ಕಿಟಕಿಯ ಮೇಲೆ ಜೋಳದ ಚೀಲ ಇಟ್ಟು ಕೂರುವುದು. ಹೀಟರ್ ಹಾಕಿದ ಕಾರಿನಿಂದ ಚಳಿಗೆ ಲೆನ್ಸ್ ಚಾಚಿದರೆ ಕಿಟಕಿಯಲ್ಲೇ ಬಿಸಿಗಾಳಿ ಕುಣಿದು ಚಿತ್ರ ಮಸುಕಾಗುತ್ತದೆ. ಅರ್ಧ ಗಂಟೆ ಮೊದಲೇ ಗಾಜುಗಳನ್ನೆಲ್ಲ ಇಳಿಸಿ. ಬೆಳೆಯ ಮೇಲೆ ಚಕ್ರ ಹತ್ತಿಸುವಂತಿಲ್ಲ, ಎಷ್ಟೇ ಹತ್ತಿರ ಕಂಡರೂ.

ಮರೆಯಿಂದ ಹೊರಡುವುದು ಹತ್ತರ ಸುಮಾರಿಗೆ, ಬಿಸಿಗಾಳಿ ಎದ್ದು ಲೆನ್ಸ್ ಹೇಗೂ ನಿರುಪಯೋಗಿಯಾದ ಮೇಲೆ. ಹಕ್ಕಿಗಳು ನೀರಿನ ನಡುವಿಗೆ ಸರಿದಿದ್ದರೆ ಸುಲಭ. ದಡದಲ್ಲೇ ಇದ್ದರೆ ಹಿಂಬದಿಯ ಗೋಣಿ ಎತ್ತಿ, ತೆವಳುತ್ತಾ ಬದು ದಾಟುವವರೆಗೆ ಎದ್ದು ನಿಲ್ಲಬಾರದು. ಕೋಲು, ಸುತಳಿ, ಗೋಣಿಯನ್ನು ಸಂಜೆ ಹಕ್ಕಿ ಎದ್ದ ಮೇಲೆ ಬಂದು ಬಿಚ್ಚಿ ಒಯ್ಯುವುದು. ಸುತಳಿಯ ತುಂಡೊಂದು ಉಳಿದರೂ ಅದು ಯಾವುದೋ ಗೊರವದ ಕಾಲಿಗೆ ಸುತ್ತಿಕೊಳ್ಳುತ್ತದೆ.

ಈ ಲೆಕ್ಕವೆಲ್ಲ ಜನವರಿಯ ಆ ವಾರಕ್ಕೆ ಮಾತ್ರ. ದಿನಕ್ಕೆ ಐದು ಮಿ.ಮೀ. ನೀರು ಆವಿಯಾದರೂ ತಿಂಗಳಿಗೆ ಹದಿನೈದು ಸೆಂ.ಮೀ. ಇಳಿಯುತ್ತದೆ. ನೂರಕ್ಕೆ ಒಂದರ ಇಳಿಜಾರಿನ ದಡದಲ್ಲಿ ಅಷ್ಟಕ್ಕೇ ನೀರಿನಂಚು ಹದಿನೈದು ಮೀಟರ್ ಹಿಂದೆ ಸರಿಯುತ್ತದೆ, ಹೊಲಕ್ಕೆ ಬಿಟ್ಟ ನೀರು ಬೇರೆ. ಫೆಬ್ರುವರಿ ಮೂರನೇ ವಾರ ಅದೇ ಗುರುತಿಗೆ ಬಂದು ಮಲಗಿದವರ ಮುಂದೆ ಬಿರುಕುಬಿಟ್ಟ ಕೆಸರು, ಒಣಗಿ ಬಿಳಿಚಿದ ಹಿಕ್ಕೆ. ಹಸಿ ಹಿಕ್ಕೆ ಎಲ್ಲಿದೆ ಎಂದು ಮತ್ತೆ ನಾಲ್ಕು ಗಂಟೆಗೆ ಬೈನಾಕ್ಯುಲರ್ ಹಿಡಿದು ಹೊರಡಬೇಕು.